ಕಾಫಿ ತೋಟದ ಸಾಲುಗಳಲ್ಲಿ ಅಮೂರ್ತ ಚಿತ್ರ: ಕ್ಯಾಮೆರಾ ಚಲಿಸಿ ತೆಗೆಯುವ ಬಗೆ

ಶಟರ್ ತೆರೆದಿರುವಾಗಲೇ ಕ್ಯಾಮೆರಾವನ್ನು ಬೇಕೆಂದು ಚಲಿಸಿ ಚಿತ್ರ ತೆಗೆಯುವ ವಿಧಾನಕ್ಕೆ ಛಾಯಾಗ್ರಾಹಕರ ನಡುವೆ ಐಸಿಎಂ (ಇಂಟೆನ್ಷನಲ್ ಕ್ಯಾಮೆರಾ ಮೂವ್‌ಮೆಂಟ್) ಎಂಬ ಹೆಸರಿದೆ. ಯುರೋಪಿನ ದ್ರಾಕ್ಷಿ ತೋಟಗಳಲ್ಲಿ ಎಲೆ ಹಣ್ಣಾಗುವ ಕಾಲದಲ್ಲಿ ಹೀಗೆ ತೆಗೆದ ಹಳದಿ, ಕೆಂಪು ಸಾಲುಗಳ ಚಿತ್ರಗಳನ್ನು ನೋಡಿದವರು ನಮ್ಮ ಕಡೆ ಅಂಥ ಸಾಲುಗಳೆಲ್ಲಿವೆ ಎಂದು ಕೇಳುವುದುಂಟು. ಮೂಡಿಗೆರೆ, ಬಾಳೆಹೊನ್ನೂರು ಅಥವಾ ಸಕಲೇಶಪುರದ ಸುತ್ತಿನ ಯಾವುದೇ ಕಾಫಿ ತೋಟದೊಳಗೆ ಹತ್ತು ಹೆಜ್ಜೆ ಇಟ್ಟರೆ ಅದಕ್ಕೆ ಉತ್ತರ ಸಿಗುತ್ತದೆ. ನೆರಳಿಗೆ ಬೆಳೆಸಿದ ಸಿಲ್ವರ್ (ಸಿಲ್ವರ್ ಓಕ್) ಮರಗಳ ನೆಟ್ಟನೆಯ ಬೂದು ಕಾಂಡಗಳು, ಅವುಗಳ ಕೆಳಗೆ ಅಡ್ಡಲಾಗಿ ಚಾಚಿಕೊಂಡ ಕಾಫಿ ಕೊಂಬೆಗಳು, ಎರಡರ ನಡುವೆ ಮಂಜು ಅಥವಾ ಎಳೆಬಿಸಿಲು ಇದ್ದರೆ ಈ ಬಗೆಯ ಚಿತ್ರಕ್ಕೆ ಬೇಕಾದುದೆಲ್ಲ ಇದ್ದಂತೆ.

ಕ್ಯಾಮೆರಾ ಕೈಗೆತ್ತಿಕೊಳ್ಳುವ ಮೊದಲು ಎದುರಿನ ನೋಟದಲ್ಲಿ ಎದ್ದು ಕಾಣುವ ಗೆರೆ ಯಾವುದೆಂದು ಗುರುತಿಸಿಕೊಳ್ಳಬೇಕು. ನನ್ನ ಮಟ್ಟಿಗೆ ಈ ಕೆಲಸದ ಮುಕ್ಕಾಲು ಪಾಲು ಅಷ್ಟೇ. ಗೆರೆ ಯಾವ ದಿಕ್ಕಿನಲ್ಲಿದೆಯೋ ಅದೇ ದಿಕ್ಕಿನಲ್ಲಿ ಕ್ಯಾಮೆರಾ ಚಲಿಸಿದರೆ ಆ ಗೆರೆ ಉಳಿದು ಉಳಿದದ್ದೆಲ್ಲ ಕರಗುತ್ತದೆ. ಗೆರೆಗೆ ಅಡ್ಡವಾಗಿ ಚಲಿಸಿದರೆ ಮೊದಲು ಅಳಿಸಿಹೋಗುವುದು ಆ ಗೆರೆಯೇ. ಆದ್ದರಿಂದ ಸಿಲ್ವರ್ ಕಾಂಡಗಳಿಗೆ ಮೇಲಿನಿಂದ ಕೆಳಕ್ಕೆ ಚಲಿಸಬೇಕು, ಚಂದ್ರದ್ರೋಣದ ಬೆಟ್ಟಸಾಲಿನಂಥ ದಿಗಂತಕ್ಕೆ ಎಡದಿಂದ ಬಲಕ್ಕೆ ಚಲಿಸಬೇಕು. ಕಾಳುಮೆಣಸಿನ ಬಳ್ಳಿ ಹಬ್ಬಿಸಿದ ಮರಗಳಿಗಿಂತ ಬರಿಯ ಕಾಂಡದ ಮರಗಳಿರುವ ಜಾಗವನ್ನು ಆರಿಸಿಕೊಳ್ಳುವುದು ಒಳ್ಳೆಯದು. ಬಳ್ಳಿ ತುಂಬಿದ ಕಾಂಡವು ಹಿಂದಿನ ಹಸಿರಿನೊಳಗೇ ಬೆರೆತುಹೋಗುತ್ತದೆ.

ಕ್ಯಾಮೆರಾವನ್ನು ಶಟರ್ ಪ್ರಯಾರಿಟಿಯಲ್ಲಿಟ್ಟು (ಶಟರ್ ವೇಗವನ್ನು ನಾವೇ ಆರಿಸುವ ಮೋಡ್), ಬೆಳಕಿಗೆ ಸೆನ್ಸರ್ ಸ್ಪಂದಿಸುವ ಮಟ್ಟವಾದ ಐಎಸ್‌ಒ 100ಕ್ಕೆ ಇಳಿಸಿ, ಅರ್ಧ ಸೆಕೆಂಡಿನಿಂದ ಶುರುಮಾಡಿ. ಲೆಕ್ಕ ಕಷ್ಟದ್ದಲ್ಲ. ಪೂರ್ಣ ಬಿಸಿಲಿನಲ್ಲಿ ಐಎಸ್‌ಒ 100, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ) ಎಫ್ 16 ಇದ್ದಾಗ ಶಟರ್ ವೇಗ ಸುಮಾರು 1/100 ಸೆಕೆಂಡು ಬರುತ್ತದೆ. ಬೆಳಕು ತಗ್ಗಿಸುವ, ಆರು ಸ್ಟಾಪಿನ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕೆ ಇಳಿಯುವುದು) ಎನ್‌ಡಿ ಫಿಲ್ಟರ್ ಹಾಕಿದರೆ ಒಳಬರುವ ಬೆಳಕು 64ರಲ್ಲಿ ಒಂದು ಪಾಲಿಗೆ ಇಳಿಯುವುದರಿಂದ ಅದೇ ವೇಗ ಅರ್ಧ ಸೆಕೆಂಡಿಗಿಂತ ಸ್ವಲ್ಪ ಹೆಚ್ಚಾಗುತ್ತದೆ. ಮೋಡ ಕವಿದ ದಿನ ತೋಟದ ನೆರಳಿನೊಳಗೆ ಫಿಲ್ಟರ್ ಇಲ್ಲದೆಯೂ 1/6 ಸೆಕೆಂಡಿನ ಆಸುಪಾಸಿಗೆ ಬರಬಹುದು. ನಾನು ಎನ್‌ಡಿಗಿಂತ ಪೋಲರೈಸರ್ ಫಿಲ್ಟರನ್ನೇ ಹೆಚ್ಚು ನೆಚ್ಚಿಕೊಂಡಿದ್ದೇನೆ. ಅದು ಒಂದೂವರೆ, ಎರಡು ಸ್ಟಾಪಿನಷ್ಟು ಬೆಳಕನ್ನು ತಡೆಯುವುದರ ಜೊತೆಗೆ, ಮಳೆಯಲ್ಲಿ ನೆನೆದ ಕಾಫಿ ಎಲೆಯ ಮೇಲಿನ ಹೊಳಪನ್ನು ತೆಗೆದು ಅಡಿಯ ಗಾಢ ಹಸಿರನ್ನು ಹೊರಗೆ ತರುತ್ತದೆ. ಫೋಕಸನ್ನು ಒಮ್ಮೆ ಹೊಂದಿಸಿ ಮ್ಯಾನುವಲ್‌ಗೆ ಬದಲಿಸಿಕೊಳ್ಳಿ. ಸ್ಟೆಬಿಲೈಸೇಷನ್ ಆಫ್ ಮಾಡಿ, ಇಲ್ಲದಿದ್ದರೆ ನೀವು ಮಾಡುವ ಚಲನೆಯನ್ನು ಅದು ತಿದ್ದಲು ಹೊರಡುತ್ತದೆ. ಮೊಬೈಲಿನಲ್ಲಿ ತೆಗೆಯುವವರು ಪ್ರೊ ಮೋಡ್‌ನಲ್ಲಿ ಶಟರ್ ವೇಗವನ್ನು ತಾವೇ ಹೊಂದಿಸಬೇಕು. ನೈಟ್ ಮೋಡ್ ಹಲವು ಫ್ರೇಮುಗಳನ್ನು ಒಂದರ ಮೇಲೊಂದು ಸರಿಹೊಂದಿಸಿ ಚಲನೆಯನ್ನು ಅಳಿಸುವುದರಿಂದ ಅದು ಇಲ್ಲಿ ಪ್ರಯೋಜನಕ್ಕೆ ಬಾರದು.

ಇನ್ನು ಕೈ ಚಲಿಸುವ ರೀತಿ. ರಂಗೋಲಿಯ ಎಳೆ ಎಳೆಯುವಾಗ ಕೈ ಎಲ್ಲಿ ತಡೆಯುತ್ತದೋ ಅಲ್ಲಿ ಪುಡಿ ಗುಡ್ಡೆಯಾಗಿ ಬೀಳುತ್ತದೆ. ಇಲ್ಲಿಯೂ ಹಾಗೆಯೇ, ಕ್ಯಾಮೆರಾ ನಿಧಾನವಾದ ಕಡೆಯಲ್ಲೆಲ್ಲ ಬೆಳಕು ಹೆಚ್ಚು ಹೊತ್ತು ಒಂದೇ ಜಾಗಕ್ಕೆ ಬಿದ್ದು ಆಕಾರ ಗಟ್ಟಿಯಾಗುತ್ತದೆ. ಎಳೆ ಸಮನಾಗಿ ಬರಬೇಕಾದರೆ ಶಟರ್ ಒತ್ತುವ ಮೊದಲೇ ಚಲನೆ ಶುರುವಾಗಿರಬೇಕು, ಶಟರ್ ಮುಚ್ಚಿದ ಮೇಲೂ ಒಂದಿಷ್ಟು ದೂರ ಮುಂದುವರಿಯಬೇಕು. ಪಾದಗಳನ್ನು ಅಗಲಿಸಿ ನಿಂತು, ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು, ಮಣಿಕಟ್ಟಿನಿಂದಲ್ಲದೆ ಸೊಂಟದಿಂದ ಬಾಗಿದರೆ ಗೆರೆ ಓಲಾಡುವುದಿಲ್ಲ. ಚಲನೆ ಎಷ್ಟಿರಬೇಕು ಎಂಬುದರಲ್ಲಿ ಹೊಸಬರು ಅತಿ ಮಾಡುತ್ತಾರೆ. ಫುಲ್ ಫ್ರೇಮ್ (36×24 ಮಿ.ಮೀ. ಸೆನ್ಸರಿನ) ಕ್ಯಾಮೆರಾದಲ್ಲಿ 100 ಮಿ.ಮೀ. ಲೆನ್ಸನ್ನು ಅಡ್ಡಲಾಗಿ ಹಿಡಿದು ಕೇವಲ ಐದು ಡಿಗ್ರಿ ಕೆಳಗೆ ಬಾಗಿಸಿದರೂ ಚಿತ್ರವು ಚೌಕಟ್ಟಿನ ಮೂರನೇ ಒಂದು ಪಾಲಿಗಿಂತ ಹೆಚ್ಚು ದೂರ ಸರಿಯುತ್ತದೆ. ಕೆಲವೊಮ್ಮೆ ಎಳೆಗಿಂತ ಗುಡ್ಡೆಯೇ ಬೇಕಾಗುತ್ತದೆ. ಆಗ ಒಂದು ಸೆಕೆಂಡಿನ ಎಕ್ಸ್‌ಪೋಶರ್ ಇಟ್ಟುಕೊಂಡು, ಮೊದಲ ಅರ್ಧ ಅಲುಗಾಡದೆ ನಿಂತು ಉಳಿದರ್ಧದಲ್ಲಿ ಚಲಿಸಿದರೆ, ಮರದ ಆಕಾರ ನೆರಳಿನಂತೆ ಉಳಿದು ಅದರಿಂದ ಬಣ್ಣ ಕೆಳಗಿಳಿದಂತೆ ಕಾಣುತ್ತದೆ.

ಆಕಾಶದ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಒಂದು ಇಡೀ ಹೂವಿನ ಕಾಲದ ನನ್ನ ಚಿತ್ರಗಳು ಹಾಳಾದದ್ದು ಅದರಿಂದಲೇ. ಮೂಡಿಗೆರೆ ಬಳಿಯ ತೋಟವೊಂದರಲ್ಲಿ ಮರಗಳ ತುದಿಯೂ ಚೌಕಟ್ಟಿನೊಳಗೆ ಬರಲೆಂದು ಲೆನ್ಸನ್ನು ತುಸು ಮೇಲೆತ್ತಿ ಎರಡು ಬೆಳಿಗ್ಗೆ ಚಿತ್ರ ತೆಗೆದೆ. ಮನೆಗೆ ಬಂದು ನೋಡಿದರೆ ಎಲೆಗಳ ಸಂದಿಯಲ್ಲಿದ್ದ ಬೆಳ್ಳನೆಯ ಆಕಾಶವೆಲ್ಲ ಚಲನೆಯ ಜೊತೆ ಕೆಳಗಿಳಿದು, ಕಾಂಡಗಳ ನಡುವಿನ ಹಸಿರನ್ನೂ ಹೂವನ್ನೂ ಸುಣ್ಣ ಬಳಿದಂತೆ ಮುಚ್ಚಿಬಿಟ್ಟಿತ್ತು. ಈ ವಿಧಾನದಲ್ಲಿ ಬೆಳಕಿರುವುದು ಬರೆಯುತ್ತದೆ, ಕತ್ತಲಿರುವುದು ಬರೆಸಿಕೊಳ್ಳುತ್ತದೆ. ಹಾಗಾಗಿ ಇಳಿಜಾರಿನ ಮೇಲ್ಭಾಗದಲ್ಲಿ ನಿಂತು ಕೆಳಗಿನ ಸಾಲುಗಳ ಕಡೆ ಲೆನ್ಸ್ ತಿರುಗಿಸಿ, ಆಕಾಶದ ತುಣುಕೂ ಒಳಗೆ ಬರದಂತೆ ನೋಡಿಕೊಳ್ಳಬೇಕು. ಮಳೆಗಾಲಕ್ಕೆ ಮುನ್ನ ಮರಗಸಿ ಮಾಡಿ, ಅಂದರೆ ಮರದ ಕೊಂಬೆ ಸವರಿ, ನೆರಳು ತೆಗೆದ ತೋಟದಲ್ಲಿ ಇದು ಇನ್ನೂ ಮುಖ್ಯ. ದಟ್ಟ ಮಂಜಿನ ದಿನ ಮಾತ್ರ ಈ ನಿಯಮ ಸಡಿಲವಾಗುತ್ತದೆ, ಆಗ ಆಕಾಶಕ್ಕೂ ಮರಕ್ಕೂ ಬೆಳಕಿನ ಅಂತರ ಕಡಿಮೆ.

ವರ್ಷದಲ್ಲಿ ತಪ್ಪಿಸಿಕೊಳ್ಳಬಾರದ ದಿನಗಳೆಂದರೆ ಹೂವಿನ ದಿನಗಳು. ಮಾರ್ಚ್–ಏಪ್ರಿಲ್‌ನ ಹೂಮಳೆ ಬಿದ್ದ ಎಂಟು–ಹತ್ತು ದಿನಗಳಿಗೆ ಮೊಗ್ಗುಗಳು ಒಟ್ಟಿಗೆ ಅರಳುತ್ತವೆ, ಎರಡು–ಮೂರು ದಿನಗಳಲ್ಲಿ ಕಂದು ತಿರುಗುತ್ತವೆ. ಸ್ಪ್ರಿಂಕ್ಲರ್ ನೀರು ಕೊಡುವ ರೊಬಸ್ಟಾ ತೋಟಗಳಲ್ಲಿ ಹೂ ಇನ್ನೂ ಮೊದಲೇ ಬರುವುದರಿಂದ, ನೀರು ಕೊಟ್ಟ ದಿನವನ್ನು ತೋಟದ ಲೆಕ್ಕಪತ್ರ ನೋಡಿಕೊಳ್ಳುವ ರೈಟರನ್ನು ಕೇಳಿ ಬರೆದಿಟ್ಟುಕೊಳ್ಳಿ. ಕೊಂಬೆಯೊಂದನ್ನು ಹತ್ತಿರದಿಂದ ನೋಡಿದರೆ ಪ್ರತಿ ಗೆಣ್ಣಿನಲ್ಲೂ ಎರಡು ಕಡುಹಸಿರು ಎಲೆಗಳು, ಅವುಗಳ ಬುಡದಲ್ಲಿ ಒತ್ತೊತ್ತಾಗಿ ಕೂತ ಬಿಳಿ ಹೂಗಳು, ಬೆರಳಿನಷ್ಟು ತೆರಪು ಬಿಟ್ಟು ಮತ್ತೊಂದು ಗೊಂಚಲು, ಹೀಗೆ ಮಲ್ಲಿಗೆ ದಂಡೆಯಂತೆ ತುದಿಯವರೆಗೆ ಸಾಗುತ್ತದೆ. ಕೊಂಬೆ ಬಾಗಿದ ಓರೆಯಲ್ಲೇ ಕಾಲು ಸೆಕೆಂಡು ಕ್ಯಾಮೆರಾ ಸರಿಸಿದರೆ ಗೊಂಚಲುಗಳ ನಡುವಿನ ತೆರಪು ಮುಚ್ಚಿ ಒಂದೇ ಬಿಳಿ ಎಳೆಯಾಗುತ್ತದೆ, ಎಲೆಗಳು ಅದಕ್ಕೆ ಕಪ್ಪು ಅಂಚಾಗುತ್ತವೆ. ಹೂವಿನ ಬಿಳಿ ಸುಟ್ಟುಹೋಗದಂತೆ ಎಕ್ಸ್‌ಪೋಶರನ್ನು ಒಂದು ಸ್ಟಾಪ್ ಇಳಿಸಿಕೊಳ್ಳಿ. ಇದನ್ನು ಬೆಳಗಿನ ಗಾಳಿ ಏಳುವ ಮೊದಲೇ ಮುಗಿಸಬೇಕು, ಕೊಂಬೆ ತಾನೇ ಅಲುಗತೊಡಗಿದರೆ ಎಳೆ ಕದಡುತ್ತದೆ. ಸಿಲ್ವರ್ ಮರದ ಮಾತು ಬೇರೆ. ಗಾಳಿಗೆ ಅದರ ಎಲೆಯ ಬೆಳ್ಳಿಯಂಥ ತಳಭಾಗ ಮಗುಚುವುದರಿಂದ ಅಲ್ಲಿ ಗಾಳಿ ಉಪಕಾರವನ್ನೇ ಮಾಡುತ್ತದೆ.

ನವೆಂಬರ್‌ನಿಂದ ಜನವರಿಯವರೆಗೆ ಅರೇಬಿಕಾ ಹಣ್ಣಿನ ಕೆಂಪು ಸಿಗುತ್ತದೆ. ಅದೇ ದಿನಗಳಲ್ಲಿ ಕಣವನ್ನೂ ನೋಡಿ. ಹರವಿದ ಹಣ್ಣನ್ನು ಎಳೆದು ಸಾಲು ಮಾಡಿದಾಗ ಏಳುವ ಸಮಾನಾಂತರ ಏರುಗಳಿಗೆ ಸಂಜೆಯ ಓರೆಬಿಸಿಲು ಬಿದ್ದರೆ, ದ್ರಾಕ್ಷಿ ತೋಟದ ಸಾಲುಗಳನ್ನು ಬೆಟ್ಟದ ಮೇಲಿನಿಂದ ನೋಡಿದಂತೆಯೇ ಇರುತ್ತದೆ. ತರೀಕೆರೆ ಕಡೆಯ ಅಡಿಕೆ ತೋಟಗಳಲ್ಲಿ ಸಿಲ್ವರ್ ಕಾಂಡಗಳ ಕ್ರಮವನ್ನೇ ಅನುಸರಿಸಬಹುದು.

ತೋಟಕ್ಕೆ ಕಾಲಿಡುವ ಮೊದಲು ಮಾಲೀಕರ ಅಥವಾ ರೈಟರ ಅನುಮತಿ ಪಡೆಯಿರಿ. ಕೊಯ್ಲಿನಲ್ಲಿರುವವರ ಕಡೆ ಅವರನ್ನು ಕೇಳದೆ ಕ್ಯಾಮೆರಾ ತಿರುಗಿಸಬೇಡಿ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಭಾಗಗಳಲ್ಲಿ ಕಾಡಾನೆಗಳು ತೋಟಗಳಲ್ಲೇ ಓಡಾಡುವುದರಿಂದ ನಸುಕಿನಲ್ಲಿ ಒಬ್ಬರೇ ಹೋಗಲೇಬಾರದು. ಆನೆ ಆ ದಿನ ಎಲ್ಲಿದೆ ಎಂಬುದು ತೋಟದವರಿಗೆ ತಿಳಿದಿರುತ್ತದೆ, ಅವರು ಬೇಡವೆಂದರೆ ಮರಳಿಬನ್ನಿ.

ಒಂದು ಬೆಳಿಗ್ಗೆ ಎಂಬತ್ತು ಚಿತ್ರ ತೆಗೆದರೆ ನನಗೆ ಎರಡು ಉಳಿಯುತ್ತವೆ. ಆಯ್ಕೆಯನ್ನು ಕ್ಯಾಮೆರಾದ ಪರದೆಯಲ್ಲಿ ಮಾಡದೆ ಮನೆಯ ದೊಡ್ಡ ಪರದೆಯಲ್ಲಿ ಮಾಡಿ. ಕಾಂಡದ ಅಂಚು ನೆಟ್ಟಗಿದೆಯೇ, ಬಣ್ಣಗಳು ಮೂರಕ್ಕಿಂತ ಹೆಚ್ಚಿ ಗೊಂದಲವಾಗಿಲ್ಲವೇ ಎಂಬುದನ್ನು ನೋಡಿ. ರಾ ಫೈಲಿನಲ್ಲಿ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ಫೈಲ್) ಕಾಂಟ್ರಾಸ್ಟ್ ತುಸು ಏರಿಸಿದರೆ ಸಾಕು. ಎಫ್ 16ರಲ್ಲಿ ಸೆನ್ಸರ್ ಮೇಲಿನ ಧೂಳು ಸ್ಪಷ್ಟ ಚುಕ್ಕೆಗಳಾಗಿ ಬೀಳುತ್ತದೆ, ಉಳಿದೆಲ್ಲ ಕರಗಿದ ಚಿತ್ರದಲ್ಲಿ ಆ ಚುಕ್ಕೆಗಳೇ ಮೊದಲು ಕಣ್ಣಿಗೆ ಬೀಳುತ್ತವೆ. ಪ್ರಿಂಟ್ ಹಾಕಿಸುವ ಮೊದಲು ಮೂಲೆಯಿಂದ ಮೂಲೆಗೆ ನೋಡಿ ಅವುಗಳನ್ನು ಅಳಿಸಿ, ಹೊಳಪಿಲ್ಲದ ಮ್ಯಾಟ್ ಕಾಗದದಲ್ಲಿ ಹಾಕಿಸಿ.