ನಾಲ್ಕನೆಯ ಕಪಾಲ ನರವನ್ನು ಹರಿಯದಂತೆ ಬಿಡಿಸಿದ ಬಗೆ

ಅಂಗರಚನಾಶಾಸ್ತ್ರ ಕಲಿಸಲು ತೊಡಗಿದ ಮೊದಲ ವರ್ಷಗಳಲ್ಲಿ, ಶವಛೇದನದ ವೇಳೆ ನಾನು ಮಿದುಳನ್ನು ಹೊರತೆಗೆದಾಗಲೆಲ್ಲ ನಾಲ್ಕನೆಯ ಕಪಾಲ ನರವಾದ ಟ್ರೋಕ್ಲಿಯರ್ ಹರಿದುಹೋಗುತ್ತಿತ್ತು. ಕಣ್ಣುಗುಡ್ಡೆಯನ್ನು ಹೊರಳಿಸುವ ಆರು ಸ್ನಾಯುಗಳ ಪೈಕಿ ನಾಲ್ಕಕ್ಕೆ ಮೂರನೆಯ ನರವೂ ಹೊರಬದಿಯ ಸ್ನಾಯುವಾದ ಲ್ಯಾಟರಲ್ ರೆಕ್ಟಸ್‌ಗೆ ಆರನೆಯ ನರವೂ ಹೋಗುತ್ತವೆ; ಇವೆರಡೂ ಮಿದುಳುಕಾಂಡದ ಮುಂಬದಿಯಿಂದ ಹೊರಡುವುದರಿಂದ ಬೇಗ ಕಣ್ಣಿಗೆ ಬೀಳುತ್ತವೆ. ಸುಪೀರಿಯರ್ ಆಬ್ಲಿಕ್ ಎಂಬ ಒಂದೇ ಸ್ನಾಯುವಿಗೆ ಮೀಸಲಾದ ಟ್ರೋಕ್ಲಿಯರ್ ಮಾತ್ರ ಹಿಂಬದಿಯಿಂದ ಹೊರಟು, ನಡುಮಿದುಳನ್ನು ಬಳಸಿ, ದೊಡ್ಡ ಮಿದುಳಿಗೂ ಕಿರುಮಿದುಳಿಗೂ ನಡುವೆ ಹರಡಿರುವ ಟೆಂಟೋರಿಯಂ ಪೊರೆಯ ಅಂಚಿನ ಅಡಿಯಲ್ಲೇ ಮುಂದಕ್ಕೆ ಸಾಗುತ್ತದೆ. ನೂಲಿನಷ್ಟು ಸಪೂರವಾದ ಈ ನರ, ಪೊರೆಯನ್ನು ಕತ್ತರಿಸುವ ನನ್ನ ಕತ್ತರಿಗೆ ಸಿಕ್ಕಿಬೀಳುತ್ತಿತ್ತು.

ಕೊನೆಗೆ ನಾನು ಕ್ರಮವನ್ನೇ ಬದಲಿಸಿದೆ. ನಡುಮಿದುಳಿನ ಮೇಲ್ಭಾಗದಲ್ಲಿ ಅಡ್ಡಲಾಗಿ ಕೊಯ್ದು ದೊಡ್ಡ ಮಿದುಳನ್ನಷ್ಟೇ ಮೊದಲು ಎತ್ತಿ, ಮಿದುಳುಕಾಂಡವನ್ನೂ ಕಿರುಮಿದುಳನ್ನೂ ಇದ್ದಲ್ಲೇ ಬಿಟ್ಟೆ. ಟೆಂಟೋರಿಯಂನ ಅಂಚನ್ನು ಚಿಮಟದಿಂದ ಮೆಲ್ಲಗೆ ಎತ್ತಿ, ಅಡಿಯಲ್ಲಿ ನರವನ್ನು ಕಂಡ ಮೇಲೆಯೇ ಪೊರೆಯನ್ನು ತುಂಡುತುಂಡಾಗಿ ತೆಗೆದೆ. ಕಿರುಮಿದುಳಿನ ಮೇಲ್ತುದಿಯನ್ನು ಸರಿಸಿದಾಗ, ನಡುಮಿದುಳಿನ ಹಿಂಬದಿಯ ಉಬ್ಬಾದ ಇನ್‌ಫೀರಿಯರ್ ಕಾಲಿಕ್ಯುಲಸ್‌ನ ಕೆಳಗಿರುವ ಬುಡದಿಂದ ಮಿದುಳಿನ ಗಟ್ಟಿ ಹೊರಪೊರೆಯಾದ ಡ್ಯೂರಾವನ್ನು ಹೊಗುವವರೆಗೆ ಇಡೀ ನರ ಒಂದೇ ನೋಟಕ್ಕೆ ಸಿಕ್ಕಿತು. ಹೊರಬರುವ ಮುನ್ನವೇ ಎರಡು ಬದಿಯ ನರಗಳ ಎಳೆಗಳು ಪರಸ್ಪರ ದಾಟುವುದರಿಂದ ಬಲಗಣ್ಣಿನ ನರದ ಮೂಲ ಎಡಬದಿಯಲ್ಲಿದೆ. ಈ ದಾಟು ಬರಿಗಣ್ಣಿಗೆ ತೋರದು, ಅದನ್ನು ಸ್ಲೈಡಿನಲ್ಲೇ ತೋರಿಸುತ್ತೇನೆ.

ಕಣ್ಣುಗೂಡಿನ ಚಾವಣಿಯ ಮೂಳೆಯನ್ನು ತೆಗೆದರೆ ಸುಪೀರಿಯರ್ ಆಬ್ಲಿಕ್‌ನ ರಚನೆಯೂ ಸ್ಪಷ್ಟವಾಗುತ್ತದೆ. ಅದರ ಸ್ನಾಯುರಜ್ಜು ಬಾವಿಯ ಹಗ್ಗದಂತೆ ಮೂಗಿನ ಬದಿಯ ರಾಟೆಯನ್ನು ಹಾದು ಹಿಂದಕ್ಕೆ ಹೊರಳಿ ಕಣ್ಣುಗುಡ್ಡೆಯ ಮೇಲ್ಭಾಗದ ಹಿಂದುಗಡೆಗೆ ಅಂಟಿಕೊಂಡಿದೆ. ಹಿಂಭಾಗ ಮೇಲೆದ್ದರೆ ಪಾಪೆ ಕೆಳಗಿಳಿಯಲೇಬೇಕು. ಮೇಲಿರುವ ಸ್ನಾಯು ಕಣ್ಣನ್ನು ಕೆಳಗೆ ಹೇಗೆ ಇಳಿಸುತ್ತದೆ ಎಂದು ಕೇಳುವ ವಿದ್ಯಾರ್ಥಿಗೆ ನಾನು ಆ ರಜ್ಜುವನ್ನೇ ಎಳೆದು ತೋರಿಸುತ್ತೇನೆ.

ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದ ಯುವಕನೊಬ್ಬನನ್ನು ನೋಡಲು ಸಹೋದ್ಯೋಗಿಯೊಬ್ಬರು ಒಮ್ಮೆ ನನ್ನನ್ನು ವಾರ್ಡಿಗೆ ಕರೆದೊಯ್ದರು. ಮೆಟ್ಟಿಲಿಳಿಯುವಾಗ ಒಂದು ಮೆಟ್ಟಿಲು ಎರಡಾಗಿ, ಒಂದರ ಮೇಲೊಂದು ಕಾಣುತ್ತದೆ ಎಂದು ಹೇಳುತ್ತಿದ್ದ ಆತ ತಲೆಯನ್ನು ಸದಾ ಎಡಕ್ಕೆ ವಾಲಿಸಿಕೊಂಡಿದ್ದ. ಅವರು ಅದನ್ನು ಬಲಕ್ಕೆ ವಾಲಿಸಿದೊಡನೆ ಬಲಗಣ್ಣು ಮೇಲೇರಿತು. ತಲೆಗೆ ಪೆಟ್ಟು ಬಿದ್ದಾಗ ಟ್ರೋಕ್ಲಿಯರ್ ನರ ಟೆಂಟೋರಿಯಂನ ಗಡಸು ಅಂಚಿಗೆ ಬಡಿದು ಜಖಂಗೊಳ್ಳಬಲ್ಲದು ಎಂದು ಅವರು ವಿವರಿಸಿದಾಗ, ನನ್ನ ಕತ್ತರಿ ಮತ್ತೆ ಮತ್ತೆ ತಪ್ಪಿದ್ದ ಜಾಗವೇ ನನ್ನ ಕಣ್ಣ ಮುಂದೆ ಬಂತು.