ಬಿಗ್ ಬಾಯ್ 4014: ಕಪ್ಪು ಚಕ್ರ, ಬಿಳಿ ಹಬೆ ಎರಡೂ ಒಂದೇ ಫೋಟೋದಲ್ಲಿ

1941ರಲ್ಲಿ ತಯಾರಾಗಿ, 2019ರಲ್ಲಿ ಅಮೆರಿಕದ ರೈಲು ಕಂಪನಿ ಯೂನಿಯನ್ ಪೆಸಿಫಿಕ್ ಮತ್ತೆ ಹಳಿಗಿಳಿಸಿದ ಈ 4-8-8-4 (ಮುಂದಿನಿಂದ ಹಿಂದಕ್ಕೆ ಚಕ್ರಗಳ ಎಣಿಕೆ) ಹಬೆ ಎಂಜಿನ್ ನನ್ನ ಫೋಟೋಗಳಲ್ಲಿ ಒಂದೇ ರೀತಿ ಕೆಡುತ್ತಿತ್ತು: ಚಕ್ರ, ಚಕ್ರಗಳನ್ನು ಜೋಡಿಸುವ ರಾಡು ಸೇರಿ ಕರಿಮುದ್ದೆ, ಹಬೆ ಬರೀ ಬಿಳಿ ಮಚ್ಚೆ, ಫೋಕಸ್ ಹೊಗೆಯ ಮೇಲೆ.

ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಚಿತ್ರದ ಬೆಳಕನ್ನು ಹೆಚ್ಚು-ಕಡಿಮೆ ಮಾಡುವ ಸೆಟ್ಟಿಂಗ್) ಏರಿಸಿದರೆ ಹಬೆ ಸುಟ್ಟುಹೋಗುತ್ತದೆ, ಇಳಿಸಿದರೆ ಚಕ್ರ ಕಾಣದು. ಎಚ್‌ಡಿಆರ್ (ಬೇರೆ ಬೇರೆ ಬೆಳಕಿನ ಹಲವು ಚಿತ್ರಗಳನ್ನು ಒಂದಾಗಿಸುವ ವಿಧಾನ) ಓಡುವ ಗಾಡಿಗೆ ಆಗಿಬರುವುದಿಲ್ಲ. ಸಾಫ್ಟ್‌ವೇರ್‌ನಲ್ಲಿ ನೆರಳು ಎತ್ತಿದರೆ ಕಾಳುಕಾಳು.

ಸರಿಹೋದದ್ದು ಬೆಳಕಿನ ಕೋನದಿಂದ. ಬಿಸಿಲು ಮೇಲಿದ್ದಾಗ ಬಾಯ್ಲರ್ ಪಕ್ಕದ ಹಲಗೆಯ ನೆರಳು ಚಕ್ರಗಳನ್ನು ಪೂರ್ತಿ ಮುಚ್ಚುತ್ತದೆ. ಯಾವ ಕ್ಯಾಮೆರಾವೂ ಇದನ್ನು ಸರಿಪಡಿಸಲಾರದು. ಸೂರ್ಯ ಹುಟ್ಟಿದ ಮೊದಲ ಎರಡು ತಾಸಿನೊಳಗೆ, ಬಿಸಿಲು ಬೀಳುವ ಪಕ್ಕದಲ್ಲೇ, ಹಳಿಯಿಂದ ಕನಿಷ್ಠ 25 ಅಡಿ ದೂರ ನಿಲ್ಲಿ.

ಆಮೇಲೆ ಈ ಕ್ರಮ: ಮೋಡ್ ಮ್ಯಾನುಯಲ್, ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದ ಮೂಲ ಚಿತ್ರ). ಬಿಸಿಲಲ್ಲಿ ಹಿಡಿದ ಬಿಳಿ ಬಟ್ಟೆಗೆ ಸ್ಪಾಟ್ ಮೀಟರಿಂಗ್ (ಒಂದು ಚಿಕ್ಕ ಜಾಗದ ಬೆಳಕನ್ನಷ್ಟೇ ಅಳೆಯುವುದು) ಮಾಡಿ, ಅದಕ್ಕಿಂತ ಒಂದೂವರೆ ಸ್ಟಾಪ್ ಹೆಚ್ಚಿಗೆ ಇಡಿ (ಒಂದು ಸ್ಟಾಪ್ ಎಂದರೆ ಬೆಳಕು ಎರಡರಷ್ಟು). ಸಾಮಾನ್ಯವಾಗಿ ಐಎಸ್‌ಒ 200, ಎಫ್/5.6, 1/800ರ ಆಸುಪಾಸು ಬರುತ್ತದೆ. ಗಾಡಿ ಬಂದ ಮೇಲೆ ಈ ಸೆಟ್ಟಿಂಗ್ ಮುಟ್ಟಬೇಡಿ. ಫೋಕಸ್ಸನ್ನು ಒಂದೇ ಪಾಯಿಂಟ್‌ನಿಂದ ಮೊದಲೇ ಹಳಿಯ ಮೇಲೆ ಕೂರಿಸಿ ಲಾಕ್ ಮಾಡಿ, ಎಂಜಿನ್ ಆ ಜಾಗಕ್ಕೆ ಬಂದಾಗ ಕ್ಲಿಕ್ಕಿಸಿ.

ರಾಡು ಕೆಳಗಿರುವ ಫ್ರೇಮೇ ಚೆಂದ. ಚಕ್ರದ ವ್ಯಾಸ 68 ಇಂಚು. ಗಂಟೆಗೆ 40 ಮೈಲಿಯಲ್ಲಿ ಸೆಕೆಂಡಿಗೆ ಮೂರು ಸುತ್ತಿಗೂ ಹೆಚ್ಚು. ಸೆಕೆಂಡಿಗೆ 10 ಫ್ರೇಮಿನ ಬರ್ಸ್ಟ್‌ನಲ್ಲಿ (ಒಂದೇ ಸಮನೆ ಕ್ಲಿಕ್ಕಿಸುವುದು) ಸುತ್ತಿಗೆ ಮೂರೇ ಚಿತ್ರ, ಆದ್ದರಿಂದ 20 ಇಡಿ. ಮುಂದಿನ, ಹಿಂದಿನ ಚಕ್ರ ಗುಂಪುಗಳು ಪರಸ್ಪರ ಜೋಡಣೆಯಿಲ್ಲದೆ ತಿರುಗುವುದರಿಂದ ಎರಡೂ ಗುಂಪಿನ ರಾಡು ಒಟ್ಟಿಗೆ ಕೆಳಗೆ ಸಿಗುವುದು ಅಪರೂಪ. ಮುಂದಿನ ಗುಂಪನ್ನು ನೋಡಿ ಆರಿಸಿ.