ಒಂದೇ ಸುಳ್ಳು, ಉಳಿದದ್ದೆಲ್ಲ ದುರ್ಗದ ನಿಜ

ಚಾರಿತ್ರಿಕ ಕಾದಂಬರಿಗೆ ಮಾಯೆಯನ್ನು ಬೆರೆಸಿದರೆ ಓದುಗರು ಚರಿತ್ರೆಯನ್ನೂ ನಂಬುವುದಿಲ್ಲ, ಮಾಯೆಯನ್ನೂ ನಂಬುವುದಿಲ್ಲ ಎಂದು ದಾವಣಗೆರೆಯ ನನ್ನ ಬರೆಯುವ ಗೆಳೆಯರು ಐದಾರು ವರ್ಷ ಹೇಳುತ್ತಲೇ ಬಂದರು. ಒಬ್ಬ ಪ್ರಕಾಶಕರು ಚಿತ್ರದುರ್ಗದ ಕಥೆಯುಳ್ಳ ನನ್ನ ಕಾದಂಬರಿಯ ಹಸ್ತಪ್ರತಿಯನ್ನು ಹದಿನಾಲ್ಕು ತಿಂಗಳು ಇಟ್ಟುಕೊಂಡು, ನೀರಿನ ಭಾಗವನ್ನೆಲ್ಲ ತೆಗೆದುಹಾಕಿದರೆ ನೋಡೋಣ ಎಂದು ಹಿಂದಿರುಗಿಸಿದರು. ಆ ನೀರಿನ ಭಾಗವೇ ಈಗ ಓದುಗರು ದೂರವಾಣಿ ಮಾಡಿ ವಿಚಾರಿಸುವ ಭಾಗವಾಗಿದೆ. ನಾನೇ ಅಚ್ಚು ಹಾಕಿಸಿದ ಐನೂರು ಪ್ರತಿಗಳು ಎಂಟು ತಿಂಗಳಲ್ಲಿ ಮುಗಿದು ಎರಡನೆಯ ಮುದ್ರಣ ಬಂದಿರುವುದರಿಂದ, ಈ ಕೆಲಸದಲ್ಲಿ ತೊಡಗಿರುವವರಿಗಾಗಿ ನಾನು ನಡೆದ ದಾರಿಯನ್ನು ಬರೆಯುತ್ತಿದ್ದೇನೆ.

ನಾನು ಮೆಕ್ಕೆಜೋಳದ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವನು. ಭಾನುವಾರ ಬೆಳಗಿನ ಬಸ್ಸಿಗೆ ಚಿತ್ರದುರ್ಗಕ್ಕೆ ಹೋಗಿ ಸಂಜೆ ಮರಳುವುದು ನಾಲ್ಕು ವರ್ಷ ನಡೆಯಿತು. ಮೊದಲ ಕರಡಿನಲ್ಲಿ ಮಾಯೆಗಳು ಬಹಳ ಇದ್ದವು. ಯಕ್ಷಿ, ಮಾತನಾಡುವ ಬಂಡೆ, ಹಿಡಿಂಬೇಶ್ವರನ ಗುಡಿಯಲ್ಲಿ ಹಿಡಿಂಬನ ಹಲ್ಲೆಂದು ತೋರಿಸುವ ಮೂಳೆಗೆ ಜೀವ ಬರುವುದು, ಎಲ್ಲವನ್ನೂ ತುಂಬಿದ್ದೆ. ಅದನ್ನು ಓದಿದ ನನ್ನ ಹೆಂಡತಿ, "ಇದರಾಗ ಏನ್ ಬೇಕಾದರೂ ಆಗಬಹುದು ಅಂದ್ಮೇಲೆ ನಾನ್ಯಾಕೆ ಹೆದರಲಿ?" ಎಂದಳು. ಇಷ್ಟು ನೇರವಾದ ವಿಮರ್ಶೆಯನ್ನು ನನಗೆ ಬೇರೆ ಯಾರೂ ಮಾಡಿರಲಿಲ್ಲ. ಮುನ್ನೂರು ಚಿಲ್ಲರೆ ಪುಟಗಳನ್ನು ಕಟ್ಟಿ ಅಟ್ಟದ ಮೇಲಿಟ್ಟು, ಇಡೀ ಪುಸ್ತಕಕ್ಕೆ ಒಂದೇ ಸುಳ್ಳು, ಆ ಸುಳ್ಳೂ ದುರ್ಗದ ನೆಲದಿಂದಲೇ ಹುಟ್ಟಬೇಕು ಎಂದು ನಿಶ್ಚಯಿಸಿದೆ.

ಅದು ಸಿಕ್ಕಿದ್ದು ಹೊಂಡಗಳಲ್ಲಿ. ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿ ಕೋಡಿ ಬಿದ್ದರೆ ಆ ನೀರು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆಹೊಂಡಕ್ಕೆ ಇಳಿಯುವ ಏರ್ಪಾಡು ನಮ್ಮ ಕಡೆಯವರಿಗೆಲ್ಲ ಗೊತ್ತಿರುವುದೇ. ಮೇಲಿನ ಹೊಂಡದ ನೀರಿಗೆ ಬಾಯಿ ಹಚ್ಚಿ ಆಡಿದ ಮಾತು, ಆ ನೀರು ಸಂತೆಹೊಂಡವನ್ನು ಮುಟ್ಟಿದಾಗ ಅಲ್ಲಿ ಕೊಡ ಅದ್ದಿದವರ ಕಿವಿಗೆ ಬೀಳುತ್ತದೆ, ಆದರೆ ಆಡಿದವಳ ನೆನಪಿನಿಂದ ಆ ಮಾತು ಅಳಿದುಹೋಗುತ್ತದೆ ಎಂಬುದೇ ನನ್ನ ಒಂದು ಸುಳ್ಳು. ಇಷ್ಟನ್ನು ಒಪ್ಪಿಕೊಂಡ ಮೇಲೆ ಕಥೆಯ ಕಟ್ಟಳೆಗಳನ್ನು ನಾನು ಹುಡುಕಬೇಕಾಗಿ ಬರಲಿಲ್ಲ. ಕೋಡಿ ಬೀಳದಿದ್ದರೆ ಮಾತು ಇಳಿಯುವುದಿಲ್ಲ. ದುರ್ಗದ ಮುಂಗಾರು ನೆಚ್ಚುವಂಥದ್ದಲ್ಲ, ನೀರು ತುಂಬುವುದು ಉತ್ತರೆ, ಹಸ್ತ, ಚಿತ್ತೆ ಮಳೆಗಳಲ್ಲಿ. ಹೀಗಾಗಿ ನನ್ನ ನಾಯಕಿ ಬೇಸಿಗೆಯುದ್ದಕ್ಕೂ ಬಾಯಿ ಕಟ್ಟಿದವಳಂತೆ ಕಾಯಬೇಕಾಯಿತು. ಆ ಕಾಯುವಿಕೆಯೇ ಪುಸ್ತಕದ ನಡುಭಾಗ, ಮತ್ತು ನನಗೆ ಬಹಳ ಇಷ್ಟವಾದ ಭಾಗ.

ಇನ್ನು ತಪ್ಪುಗಳ ವಿಷಯ. ಒಂದು ಮನೆತನದ ಹಳೆಯ ಕಾಗದದಲ್ಲಿ ಶಕವರ್ಷವಿಲ್ಲದೆ ಬರಿಯ "ವಿಕಾರಿ ಸಂವತ್ಸರ" ಎಂದಿತ್ತು. ಆತುರದಲ್ಲಿ ಅದನ್ನು 1779 ಎಂದು ಹಿಡಿದು, ಮದಕರಿ ನಾಯಕರ ಆಳ್ವಿಕೆಯಲ್ಲಿ ಜಾತ್ರೆ ಸಂಭ್ರಮದಿಂದ ನಡೆಯುವಂತೆ ನೂರಹತ್ತು ಪುಟ ಬರೆದೆ. 1779 ಎಂದರೆ ಕೋಟೆ ಹೈದರಾಲಿಯ ಕೈಸೇರಿದ ವರ್ಷ. ಆಗ ದುರ್ಗದಲ್ಲಿ ಅಂಥ ನಿಶ್ಚಿಂತೆಯ ಜಾತ್ರೆ ನಡೆದೀತೇ ಎಂಬ ಪ್ರಶ್ನೆ ನನಗೆ ಹೊಳೆದದ್ದು ಪುಟಗಳು ಮುಗಿದ ಮೇಲೆ. ಅರವತ್ತು ವರ್ಷ ಹಿಂದಕ್ಕೆ ಹೋದರೆ 1719 ಕೂಡ ವಿಕಾರಿಯೇ, ಆಗ ಗಾದಿಯಲ್ಲಿದ್ದವರು ಭರಮಣ್ಣ ನಾಯಕರು. ತಿಥಿ ಮತ್ತು ವಾರಗಳನ್ನು ತಾಳೆ ನೋಡಿದಾಗ ಎರಡನೆಯದೇ ಕೂಡಿಬಂತು. ನೂರಹತ್ತು ಪುಟಗಳಲ್ಲಿ ಉಳಿದದ್ದು ಹದಿನೈದಿರಬೇಕು. ಅಂದಿನಿಂದ ವಾರ ಕೂಡದ ಯಾವ ತಾರೀಖನ್ನೂ ನಾನು ಟಿಪ್ಪಣಿ ಪುಸ್ತಕದೊಳಕ್ಕೆ ಬಿಟ್ಟುಕೊಂಡಿಲ್ಲ.

ಎರಡನೆಯ ತಪ್ಪು ಕಣ್ಣಿನದು. ಈಗಿನ ದುರ್ಗ-ದಾವಣಗೆರೆಯ ಹೊಲಗಳನ್ನು ನೋಡಿಕೊಂಡು 1719ರ ಹೊಲವನ್ನು ಬರೆದಿದ್ದೆ. ನನಗೆ ಅನ್ನ ಹಾಕುವ ಮೆಕ್ಕೆಜೋಳ ಆಗ ಈ ಸೀಮೆಯ ಬೆಳೆಯಲ್ಲ, ಚಳ್ಳಕೆರೆಯ ಕಡೆ ಕಣ್ಣು ಹಾಯುವವರೆಗೂ ಕಾಣುವ ಶೇಂಗಾ ಹೊಲಗಳೂ ಆಗ ಇರಲಿಲ್ಲ. ಬೇಹಿನವನನ್ನು ಬಳ್ಳಾರಿ ಜಾಲಿಯ ಮರೆಯಲ್ಲಿ ಅಡಗಿಸಿದ್ದೆ, ಆ ಗಿಡ ನಮ್ಮ ದೇಶಕ್ಕೆ ಬಂದದ್ದೇ 19ನೇ ಶತಮಾನದಲ್ಲಿ. ಎಲ್ಲವನ್ನೂ ಕಿತ್ತು ನವಣೆ, ಸಜ್ಜೆ, ಹುರುಳಿ, ರಾಗಿ ಬಿತ್ತಿದೆ, ಬೇಹಿನವನಿಗೆ ತಂಗಡಿ ಗಿಡದ ಮರೆ ಕೊಟ್ಟೆ. ಇದಕ್ಕೆ ನೆರವಾದದ್ದು ಚಿತ್ರದುರ್ಗ ಜಿಲ್ಲೆಯ ಶಾಸನಗಳಿರುವ, ಎಪಿಗ್ರಾಫಿಯಾ ಕರ್ನಾಟಿಕಾದ 11ನೇ ಸಂಪುಟ. ಶಾಸನಗಳನ್ನು ತೆರೆದವರು ಸಾಮಾನ್ಯವಾಗಿ ರಾಜರ ಬಿರುದುಗಳನ್ನು ಓದಿ ಮುಚ್ಚಿಡುತ್ತಾರೆ. ಕಾದಂಬರಿಕಾರ ಓದಬೇಕಾದದ್ದು ದತ್ತಿಭೂಮಿಯ ಎಲ್ಲೆಗಳನ್ನು ಹೇಳುವ ಸಾಲುಗಳನ್ನು. ಯಾವ ದಿಕ್ಕಿಗೆ ಯಾವ ಮರ, ಯಾವ ಹಳ್ಳ, ಯಾವ ಬಂಡೆ ಎಂದು ಅಲ್ಲಿ ಊರು ತಾನಾಗಿಯೇ ನಿಂತಿರುತ್ತದೆ.

ಸಂಭಾಷಣೆಗೆ ಹಳಗನ್ನಡದ ಛಾಯೆ ತರಲು ಹೋಗಿ ಒಂದು ವರ್ಷ ಕಳೆದುಕೊಂಡೆ. ಕೊನೆಗೆ ಇಲ್ಲಿನ ಆಡುಮಾತನ್ನೇ ಇಟ್ಟುಕೊಂಡು, ಆಮೇಲೆ ಬಂದು ಸೇರಿದ ಮಾತುಗಳನ್ನು ಮಾತ್ರ ಹೆಕ್ಕಿ ತೆಗೆದೆ. ಫೌಜು, ಸವಾರ, ಖಜಾನೆಗಳನ್ನು ಉಳಿಸಿಕೊಂಡೆ, ಗಂಟೆ-ನಿಮಿಷಗಳನ್ನು ಬಿಟ್ಟು ಜಾವ-ಗಳಿಗೆಗಳನ್ನು ತಂದೆ. ಪಾತ್ರಗಳಿಗೆ ಆ ಕಾಲದ್ದೇ ಅನ್ನಿಸುವ, ಆದರೆ ಯಾವ ಮನೆತನವನ್ನೂ ನೋಯಿಸದ ಹೆಸರುಗಳನ್ನು ಹುಡುಕುವ ದಾರಿಯೊಂದು ನನ್ನಲ್ಲಿದೆ. ಇನ್ನೆರಡು ಪುಸ್ತಕಗಳಾಗುವವರೆಗೆ ಅದನ್ನು ನಾನು ಯಾರಿಗೂ ಹೇಳುವುದಿಲ್ಲ.

ಗಳಿಗೆಯ ಅಂದಾಜು ಸಿಗಬೇಕೆಂದು ರಂಗಯ್ಯನ ಬಾಗಿಲಿನಿಂದ ಗೋಪಾಲಸ್ವಾಮಿ ಹೊಂಡದವರೆಗೆ ಬರಿಗೈಲಿ ಒಮ್ಮೆ, ಹನ್ನೆರಡು ಕಿಲೋ ಭಾರದ ಚೀಲ ಹೊತ್ತು ಮತ್ತೊಮ್ಮೆ ನಡೆದೆ. ನೆನಪಿದ್ದಂತೆ ಮೊದಲನೆಯದಕ್ಕೆ ನಲವತ್ತು ನಿಮಿಷ, ಎರಡನೆಯದಕ್ಕೆ ಒಂದು ಗಂಟೆಗೆ ತುಸು ಕಡಿಮೆ ಹಿಡಿಯಿತು. ಒಂದು ಗಳಿಗೆಗೆ ಇಪ್ಪತ್ತನಾಲ್ಕು ನಿಮಿಷವಾದ್ದರಿಂದ, ನೀರು ಹೊತ್ತವಳಿಗೆ ಎರಡೂವರೆ ಗಳಿಗೆಯ ದಾರಿ ಎಂದು ಇಟ್ಟುಕೊಂಡೆ. ಇದೇ ಹುಚ್ಚಿನಲ್ಲಿ ತಾಮ್ರದ ಬಟ್ಟಲಿಗೆ ತೂತು ಕೊರೆಸಿ, ನೀರಿನ ಮೇಲೆ ತೇಲಿಬಿಟ್ಟರೆ ಒಂದು ಗಳಿಗೆಗೆ ತುಂಬಿ ಮುಳುಗುವ ಗಳಿಗೆಬಟ್ಟಲು ಮಾಡಲು ಹೊರಟೆ. ಮೊದಲನೆಯದು ಒಂಬತ್ತು ನಿಮಿಷಕ್ಕೇ ಮುಳುಗಿತು, ಮೂರನೆಯದು ಇಪ್ಪತ್ತೆರಡರವರೆಗೆ ಬಂತು. ಅಷ್ಟಕ್ಕೇ ನಿಲ್ಲಿಸಿದೆ. ಪುಸ್ತಕದಲ್ಲಿ ಅದಕ್ಕೆ ಸಿಕ್ಕ ಜಾಗ ಎರಡೇ ಸಾಲು.

ಕಡತದ ಪ್ರಯೋಗ ಮಾತ್ರ ಪೂರ್ತಿ ಫಲ ಕೊಟ್ಟಿತು. ಕಡತವೆಂದರೆ ಕಪ್ಪು ಬಳಿದ ಬಟ್ಟೆಯನ್ನು ಮಡಿಸಿ, ಬಳಪದಿಂದ ಬರೆಯುತ್ತಿದ್ದ ಹಳೆಯ ಕಾಲದ ಪುಸ್ತಕ. ನಮ್ಮ ಮಂಡಿಯ ಸಾಹುಕಾರರ ಮನೆಯಲ್ಲಿ ಹಳೆಯ ಲೆಕ್ಕದ ಕಡತವೊಂದಿದೆ. ಅದನ್ನು ನೋಡಿ ನಾನೂ ಒಂದನ್ನು ಮಾಡಲು ಕುಳಿತೆ. ಹುಣಸೆಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ, ರುಬ್ಬಿ, ಕಾಯಿಸಿದ ಸರಿಗೆ ಇದ್ದಿಲ ಪುಡಿ ಕಲಸಿ ಒರಟು ಬಟ್ಟೆಗೆ ಬಳಿದೆ. ಒಣಗಿದ ಮೇಲೆ ಮಡಿಸಿದರೆ ಮಡಿಕೆಯುದ್ದಕ್ಕೂ ಬಿರುಕು ಬಿಟ್ಟು ಕಪ್ಪು ಹೊಟ್ಟು ಉದುರಿತು. ಸಾಹುಕಾರರ ತಾಯಿ ಅದನ್ನು ಬೆರಳಲ್ಲಿ ಮುಟ್ಟಿ ನೋಡಿ, "ತಮ್ಮಾ, ಬಳಿದು ಬಿಟ್ರ ಆಗಂಗಿಲ್ಲ. ತೆಳ್ಳಗ ಹಚ್ಚು, ಉಜ್ಜು, ಒಣಗಿಸು, ಮತ್ತ ಹಚ್ಚು" ಎಂದರು. ನಾಲ್ಕು ಸಲ ತೆಳ್ಳಗೆ ಹಚ್ಚಿ, ನುಣುಪುಗಲ್ಲಿನಿಂದ ಉಜ್ಜಿದ ಮೇಲೆ ಬಳಪದ ಅಕ್ಷರ ಬೆಳ್ಳಗೆ ನಿಂತಿತು. ಅದನ್ನು ಮಡಿಸಿ ನೀರಿನಲ್ಲಿ ಅದ್ದಿ ತೆಗೆದೆ. ಅಕ್ಷರಗಳು ಮಂಕಾದರೂ ಓದಲು ಬರುತ್ತಿದ್ದವು. ಆದರೆ ಒದ್ದೆ ಹೆಬ್ಬೆರಳನ್ನು ಒಂದು ಸಲ ಎಳೆದದ್ದೇ ತಡ, ಒಂದು ಸಾಲು ಪೂರ್ತಿ ಮಾಯವಾಯಿತು. ನನ್ನ ಬೇಹಿನವ ಮಳೆಯಲ್ಲಿ ಕಾಪಾಡಿಕೊಂಡು ತಂದ ಕಡತದ ಮುಖ್ಯ ಸಾಲು, ನಾಯಕರ ಮುಂದೆ ನಿಂತಾಗ ಅವನದೇ ಬೆವರಿದ ಹೆಬ್ಬೆರಳಿನ ಕೆಳಗೆ ಅಳಿಯುವ ಪ್ರಸಂಗ ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಹುಟ್ಟಿದ್ದು. ಮಾತು ಮರೆಯುವ ನಾಯಕಿಗೆ ಅಕ್ಷರ ಕಳೆದುಕೊಂಡ ಬೇಹಿನವ ಜೋಡಿಯಾದದ್ದೂ ಅಲ್ಲಿಯೇ. ಮನೆಯಲ್ಲಿ ಕುಳಿತು ಯೋಚಿಸಿದ್ದರೆ ಮಳೆಯಲ್ಲೇ ಅಳಿಸಿಬಿಡುತ್ತಿದ್ದೆ.

ಖರ್ಚಿನ ಲೆಕ್ಕ ಹೀಗಿದೆ. ಬಸ್ಸು, ನೆರಳಚ್ಚು, ಮೈಸೂರು-ಬೆಂಗಳೂರಿನ ಓಡಾಟ, ತಾಮ್ರ, ಬಟ್ಟೆ ಎಲ್ಲ ಸೇರಿ ನಾಲ್ಕು ವರ್ಷಕ್ಕೆ ಸುಮಾರು 41 ಸಾವಿರ. ಅಕ್ಷರಜೋಡಣೆ, ಮುಖಪುಟ, ಐನೂರು ಪ್ರತಿಗಳ ಮುದ್ರಣಕ್ಕೆ 68 ಸಾವಿರ. ಬೆಲೆ 320 ರೂಪಾಯಿ ಇಟ್ಟೆ. ಅಂಗಡಿಯವರಿಗೆ ನೂರಕ್ಕೆ ನಲವತ್ತು ಬಿಡಬೇಕಾಯಿತು, ನೇರವಾಗಿ ತರಿಸಿಕೊಂಡವರಿಗೆ 280ಕ್ಕೆ ಕೊಟ್ಟೆ, ನಲವತ್ತು ಪ್ರತಿಗಳು ಗೌರವಪ್ರತಿಗಳಾಗಿ ಹೋದವು. ಕೈಗೆ ಬಂದದ್ದು ಒಂದು ಲಕ್ಷದ ಆರು ಸಾವಿರದ ಆಸುಪಾಸು, ಎಂದರೆ ಮೊದಲ ಮುದ್ರಣದಲ್ಲಿ ಮೂರು ಸಾವಿರ ಕೈಬಿಟ್ಟಿತು. ಎರಡನೆಯದಕ್ಕೆ ಅಕ್ಷರಜೋಡಣೆ, ಮುಖಪುಟಗಳ ಖರ್ಚಿಲ್ಲದ್ದರಿಂದ 48 ಸಾವಿರಕ್ಕೆ ಮುಗಿಯಿತು, ಅರ್ಧದಷ್ಟು ಪ್ರತಿಗಳು ಹೋಗುವಷ್ಟರಲ್ಲಿ ಆ ಹಣ ಹಿಂದಿರುಗಿದೆ. ಮಾಯೆ ಬೇಡವೆಂದ ಗೆಳೆಯರಲ್ಲಿ ಇಬ್ಬರು ಸಂತೆಹೊಂಡದ ಬಳಿ ನಿಂತು ಫೋಟೊ ತೆಗೆಸಿಕೊಂಡು ನನಗೆ ಕಳುಹಿಸಿದರು. ಅದನ್ನು ಅಚ್ಚು ಹಾಕಿಸಿ ಮೇಜಿನ ಮೇಲಿಟ್ಟುಕೊಂಡಿದ್ದೇನೆ.

ಈಗ ಸಂತೇಬೆನ್ನೂರಿನ ಪುಷ್ಕರಣಿಯ ಮೇಲೆ ಕೆಲಸ ನಡೆಯುತ್ತಿದೆ. ಅಲ್ಲಿನ ಒಂದು ಸುಳ್ಳು ಇನ್ನೂ ಸಿಕ್ಕಿಲ್ಲ. ಮೂರು ಭಾನುವಾರ ಮೆಟ್ಟಿಲುಗಳ ಮೇಲೆ ಕುಳಿತು ನೀರಿನ ನಡುವಿನ ಮಂಟಪದ ನೆರಳು ಯಾವ ಹೊತ್ತಿಗೆ ಯಾವ ಮೆಟ್ಟಿಲನ್ನು ಮುಟ್ಟುತ್ತದೆ ಎಂದು ಬರೆದುಕೊಂಡು ಬಂದಿದ್ದೇನೆ, ನಾಲ್ಕನೆಯದಕ್ಕೆ ಬರುವ ವಾರ ಹೊರಡುತ್ತೇನೆ.